ಕಾಗುಣಿತದ ತಪ್ಪು: ಮೂಲ ಕಂಡುಕೊಂಡು ತಿದ್ದುವ ಬಗೆ

ಸಮಾರಂಭದ ಆಮಂತ್ರಣ ಪತ್ರಿಕೆ ಅಚ್ಚಾಗಿ, ಕಟ್ಟು ಬಿಚ್ಚಿದ ಮೇಲೆ ‘ಮುಖ್ಯ ಅಥಿತಿಗಳು’ ಎಂಬ ಸಾಲು ಕಣ್ಣಿಗೆ ಬೀಳುವುದು ಮಡಿಕೇರಿಯಲ್ಲಿ ಅಪರೂಪದ ಸಂಗತಿಯೇನಲ್ಲ. ಕರಡನ್ನು ನಾಲ್ಕು ಮಂದಿ ನೋಡಿರುತ್ತಾರೆ, ನಾಲ್ವರೂ ಓದುಬರಹ ಚೆನ್ನಾಗಿ ಬಲ್ಲವರೇ ಆಗಿರುತ್ತಾರೆ; ಆದರೂ ಆ ಪದ ನಾಲ್ವರ ಕಣ್ಣನ್ನೂ ದಾಟಿ ಬಂದಿರುತ್ತದೆ. ಹಿಂದೆ ಇಂಥದ್ದನ್ನೆಲ್ಲ ಮುದ್ರಾರಾಕ್ಷಸನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಬರೆಯುವವರು ಬೇರೆ, ಅಚ್ಚುಮೊಳೆ ಜೋಡಿಸುವವರು ಬೇರೆ ಆಗಿದ್ದ ಕಾಲದಲ್ಲಿ ಆ ಮಾತು ನಡೆಯುತ್ತಿತ್ತು. ಈಗ ಬರೆದವರೇ ಬೆರಳಚ್ಚು ಮಾಡಿ ಕಳುಹಿಸುವುದರಿಂದ ಆ ರಾಕ್ಷಸನಿಗೆ ನಮ್ಮ ಮನೆ ಬಿಟ್ಟು ಬೇರೆ ನೆಲೆಯಿಲ್ಲ.

ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಶಾಲಾ ವಾರ್ಷಿಕ ಪತ್ರಿಕೆ, ಗೆಳೆಯರ ಕಥಾಸಂಕಲನ ಮುಂತಾದವುಗಳ ಕರಡು ತಿದ್ದುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ನನಗೆ ‘ಇನ್ನೊಮ್ಮೆ ಗಮನವಿಟ್ಟು ಓದಿ’ ಎಂಬ ಸಲಹೆಯಲ್ಲಿ ನಂಬಿಕೆ ಉಳಿದಿಲ್ಲ. ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಕಿವಿಯಲ್ಲಿ ಹುಟ್ಟುತ್ತವೆ, ಕೆಲವು ಬೆರಳಿನಲ್ಲಿ, ಕೆಲವು ಯಂತ್ರದಲ್ಲಿ. ಕಣ್ಣು ಹೊಸ ತಪ್ಪನ್ನು ಹುಟ್ಟಿಸದಿದ್ದರೂ ಈ ಮೂರನ್ನೂ ಮುಚ್ಚಿಟ್ಟು ಕಾಪಾಡುತ್ತದೆ. ಬೆರಳಿನ ತಪ್ಪಿಗೆ ನಿಘಂಟು ನೋಡಿದರೆ ಪ್ರಯೋಜನವಿಲ್ಲ, ಕಿವಿಯ ತಪ್ಪಿಗೆ ಹತ್ತು ಸಲ ಓದಿದರೂ ಫಲವಿಲ್ಲ. ಆದ್ದರಿಂದ ತಿದ್ದುವುದಕ್ಕೆ ಮೊದಲು ತಪ್ಪು ಎಲ್ಲಿಂದ ಬಂತೆಂದು ಕಂಡುಕೊಳ್ಳಬೇಕು.

ಅದಕ್ಕೊಂದು ಸುಲಭವಾದ ಪರೀಕ್ಷೆಯಿದೆ. ಬರಹದಲ್ಲಿ ‘ಅತಿಥಿ’ ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನೋಡಿ. ಒಂಬತ್ತು ಕಡೆ ಸರಿಯಾಗಿದ್ದು ಒಂದು ಕಡೆ ಮಾತ್ರ ‘ಅಥಿತಿ’ ಎಂದಾಗಿದ್ದರೆ ಅದು ಬೆರಳಿನ ತಪ್ಪು: ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ತ ಮತ್ತು ಥ ಒಂದೇ ಕೀಲಿಯಲ್ಲಿದ್ದು, ಥ ಬರಲು ಶಿಫ್ಟ್ ಒತ್ತಬೇಕಾಗುತ್ತದೆ, ಶಿಫ್ಟ್ ಒಂದು ಅಕ್ಷರ ಮೊದಲೇ ಬಿದ್ದರೆ ‘ಅಥಿತಿ’ ತಾನಾಗಿ ಮೂಡುತ್ತದೆ. ಹತ್ತಕ್ಕೆ ಹತ್ತೂ ಕಡೆ ‘ಅಥಿತಿ’ ಎಂದೇ ಇದ್ದರೆ ಬರೆದವರ ಮನಸ್ಸಿನಲ್ಲಿ ಪದ ಕೂತಿರುವುದೇ ಹಾಗೆ. ಮೊದಲನೆಯದನ್ನು ತಿದ್ದಿ ಮುಂದೆ ಹೋಗಬಹುದು. ಎರಡನೆಯದನ್ನು ಬರೆದವರಿಗೆ ತಿಳಿಸದೆ ತಿದ್ದಿದರೆ ಮುಂದಿನ ವರ್ಷವೂ ಅದೇ ಪದ ಅದೇ ರೂಪದಲ್ಲಿ ನಿಮ್ಮ ಮೇಜಿಗೆ ಬರುತ್ತದೆ.

ಕಿವಿಯ ತಪ್ಪು

ಕೊಡಗಿನಲ್ಲಿ ಕನ್ನಡ ಬರೆಯುವವರಲ್ಲಿ ಬಹಳ ಮಂದಿಗೆ ಮನೆಮಾತು ಬೇರೆ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ ಭಾಷೆಗಳ ನಡುವೆ ಬೆಳೆದು, ಶಾಲೆಯಲ್ಲಿ ಕನ್ನಡ ಕಲಿತವರ ಕಿವಿ ಒಂದೊಂದು ರೀತಿಯಲ್ಲಿ ಪಳಗಿರುತ್ತದೆ. ಕೊಡವ ತಕ್ಕಿನ ಸ್ವಂತ ಪದಗಳಲ್ಲಿ ಮಹಾಪ್ರಾಣವಿಲ್ಲ. ಆಡುಗನ್ನಡದಲ್ಲೂ ಅದು ತೆಳುವಾಗಿಯೇ ಕೇಳಿಸುತ್ತದೆ. ಮಲಯಾಳದಲ್ಲಿ ಎರಡು ಸ್ವರಗಳ ನಡುವೆ ಬರುವ ಕ, ಟ, ತ, ಪಗಳು ಸಡಿಲಗೊಂಡು ಗ, ಡ, ದ, ಬಗಳ ಹತ್ತಿರಕ್ಕೆ ಬರುವುದರಿಂದ ಆ ಮನೆಮಾತಿನವರು ಕನ್ನಡದಲ್ಲಿ ಈ ಜೋಡಿಗಳನ್ನು ಅದಲುಬದಲು ಮಾಡುವ ಸಂಭವವಿರುತ್ತದೆ. ಮೈಸೂರು ಕಡೆಯ ಹಳ್ಳಿಗಳ ಮಾತಿನಲ್ಲಿ ‘ಹಾಲು’ ‘ಆಲು’ ಆಗುವುದನ್ನು ಕೇಳಿ ಎಚ್ಚೆತ್ತುಕೊಂಡವರು, ಎಚ್ಚರ ಅತಿಯಾಗಿ, ‘ಆದರೆ’ ಎಂಬುದನ್ನು ‘ಹಾದರೆ’ ಎಂದು ಬರೆದದ್ದನ್ನೂ ನಾನು ನೋಡಿದ್ದೇನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲ ಮತ್ತು ಳಗಳ ವ್ಯತ್ಯಾಸದ ವಿಷಯದಲ್ಲಿ ಎಡವುವ ಎಷ್ಟೋ ಬಯಲುಸೀಮೆಯವರಿಗಿಂತ ನಮ್ಮವರ ಕಿವಿ ಚುರುಕು ಎಂಬುದನ್ನೂ ಹೇಳಬೇಕು.

ಅತಿಯಾದ ಎಚ್ಚರದ ತಪ್ಪು ವಿಶೇಷವಾಗಿ ಮಹಾಪ್ರಾಣದಲ್ಲಿ ಕಾಣುತ್ತದೆ. ‘ಅದ್ಯಕ್ಷ’ ಎಂದು ಬರೆದು ಒಮ್ಮೆ ಬೈಸಿಕೊಂಡವರು ಮರುದಿನದಿಂದ ‘ವಿಧ್ಯಾರ್ಥಿ’, ‘ಹಾರ್ಧಿಕ’, ‘ಜನಾರ್ಧನ’, ‘ಉಚ್ಛಾರಣೆ’ ಎಂದು ಸಿಕ್ಕಲ್ಲೆಲ್ಲ ಹೊಟ್ಟೆ ಸೀಳತೊಡಗುತ್ತಾರೆ. ಇವೆಲ್ಲಕ್ಕೂ ಬೇಕಿರುವುದು ಅಲ್ಪಪ್ರಾಣ: ವಿದ್ಯಾರ್ಥಿ, ಹಾರ್ದಿಕ, ಜನಾರ್ದನ, ಉಚ್ಚಾರಣೆ. ಕಿವಿ ಸಹಾಯ ಮಾಡದ ಕಡೆ ಪದದ ಹುಟ್ಟನ್ನು ತಿಳಿದುಕೊಳ್ಳುವುದೇ ದಾರಿ. ಅಂಥ ಕೆಲವು ಸೂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ನೂರಾರು ಪದಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ದ್ದ ಮತ್ತು ದ್ಧ ಎಂಬ ಜೋಡಿಯನ್ನೇ ತೆಗೆದುಕೊಳ್ಳೋಣ. ಅಚ್ಚಗನ್ನಡ ಪದಗಳಲ್ಲಿ ದ್ಧ ಬರುವುದೇ ಇಲ್ಲ. ಇದ್ದ, ಬಿದ್ದ, ಗೆದ್ದ, ಕದ್ದ, ಉದ್ದ, ಮುದ್ದು, ಗುದ್ದು ಎಲ್ಲವೂ ದ್ದ. ಬುಧ್, ಶುಧ್, ಸಿಧ್, ಯುಧ್, ವೃಧ್ ಮುಂತಾಗಿ ಧಕಾರದಲ್ಲಿ ಕೊನೆಯಾಗುವ ಸಂಸ್ಕೃತ ಧಾತುಗಳಿಂದ ಬಂದ ಬುದ್ಧಿ, ಶುದ್ಧ, ಸಿದ್ಧ, ಪ್ರಸಿದ್ಧ, ಯುದ್ಧ, ವೃದ್ಧ, ಅಭಿವೃದ್ಧಿ ಮುಂತಾದವು ದ್ಧ. ‘ಉದ್ದೇಶ’ದಲ್ಲಿ ಉತ್ ಎಂಬುದಕ್ಕೆ ದೇಶ ಸೇರಿದೆ, ಆದ್ದರಿಂದ ದ್ದ, ‘ಉದ್ಧಾರ’ದಲ್ಲಿ ಉತ್ ಎಂಬುದಕ್ಕೆ ಹಾರ ಸೇರಿ ಹಕಾರದ ಉಸಿರು ದಕಾರಕ್ಕೆ ತಗಲಿದೆ, ಆದ್ದರಿಂದ ದ್ಧ. ಊರಿನ ಹೆಸರಿಗೆ ಮಾತ್ರ ಈ ಸೂತ್ರವನ್ನು ಹೇರಬಾರದು: ನಮ್ಮ ಸಿದ್ದಾಪುರವನ್ನು ಬಳಕೆಯಲ್ಲಿರುವಂತೆ ಸಿದ್ದಾಪುರ ಎಂದೇ ಬಿಡುವುದು ಲೇಸು.

ಶ, ಷ, ಸಗಳ ಗೊಂದಲದ ಅರ್ಧ ಭಾಗವನ್ನು ಒತ್ತಕ್ಷರವೇ ಬಿಡಿಸಿಕೊಡುತ್ತದೆ. ನಾಲಿಗೆ ಒಂದೇ ಜಾಗದಲ್ಲಿ ನಿಂತು ಎರಡು ಅಕ್ಷರಗಳನ್ನೂ ಹೇಳಬೇಕಾದ್ದರಿಂದ, ಸಂಸ್ಕೃತದಿಂದ ಬಂದ ಪದಗಳಲ್ಲಿ ಚ, ಛಗಳ ಹಿಂದೆ ಶ ಬರುತ್ತದೆ: ನಿಶ್ಚಯ, ಆಶ್ಚರ್ಯ, ಪಶ್ಚಿಮ. ಟ, ಠ, ಣಗಳ ಹಿಂದೆ ಷ ಬರುತ್ತದೆ: ಕಷ್ಟ, ನಿಷ್ಠೆ, ಕೃಷ್ಣ. ತ, ಥಗಳ ಹಿಂದೆ ಸ ಬರುತ್ತದೆ: ಪ್ರಸ್ತುತ, ಸ್ಥಳ, ವ್ಯವಸ್ಥೆ. ಬಸ್‌ಸ್ಟ್ಯಾಂಡಿಗೂ ಸ್ಟೇಷನ್ನಿಗೂ ಈ ನಿಯಮ ಸಲ್ಲದು. ಒತ್ತಿಲ್ಲದ ಕಡೆ, ಅಂದರೆ ವಿಶೇಷ, ವಿಷಯ, ಶುಭಾಶಯ, ಆಶಿಸು ಮುಂತಾದ ಕಡೆ ನಿಘಂಟೇ ಗತಿ.

ಷ್ಟ, ಷ್ಠಗಳ ನಡುವೆ ಆರಿಸುವಾಗ ‘ಎಲ್ಲಕ್ಕಿಂತ ಹೆಚ್ಚು’ ಅಥವಾ ‘ಎಲ್ಲಕ್ಕಿಂತ ಕಡಿಮೆ’ ಎಂಬ ಅರ್ಥವಿದೆಯೇ ಎಂದು ಕೇಳಿಕೊಳ್ಳಿ. ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ ಎಲ್ಲಕ್ಕೂ ಠ. ನಿಲ್ಲು ಎಂಬ ಅರ್ಥದ ಸ್ಥಾ ಧಾತುವಿನಿಂದ ಬಂದ ನಿಷ್ಠೆ, ಪ್ರತಿಷ್ಠೆ, ಅನುಷ್ಠಾನಗಳಿಗೂ ಠ. ಸ್ಪಷ್ಟ, ಇಷ್ಟ, ನಷ್ಟ, ವಿಶಿಷ್ಟ, ಉತ್ಕೃಷ್ಟಗಳಿಗೆ ಟ. ದೇವಸ್ಥಾನದ ಕರೆಯೋಲೆಯಲ್ಲಿ ‘ಸುಬ್ರಹ್ಮಣ್ಯ ಷಷ್ಟಿ’ ಎಂದು ಅಚ್ಚಾದರೆ ಹಬ್ಬದ ಅರ್ಥವೇ ಕೆಡುತ್ತದೆ. ಷಷ್ಠಿ ಎಂದರೆ ಆರನೆಯ ತಿಥಿ, ಷಷ್ಟಿ ಎಂದರೆ ಅರವತ್ತು.

ಇನ್ನು ವಟ್ರಸುಳಿ. ‘ಕೃಷಿ’ಯನ್ನು ಕ್ರಷಿ ಎಂದೂ ‘ಹೃದಯ’ವನ್ನು ಹ್ರದಯ ಎಂದೂ ಉಚ್ಚರಿಸುವ ರೂಢಿ ಕರಾವಳಿಯಿಂದ ಘಟ್ಟ ಹತ್ತಿ ಇಲ್ಲಿಯವರೆಗೂ ಹಬ್ಬಿರುವುದರಿಂದ ಬರಹದಲ್ಲೂ ಅದು ಇಳಿಯುತ್ತದೆ. ಹೊಸ ಮನೆ ಕಟ್ಟಿದವರು ‘ಗ್ರಹಪ್ರವೇಶ’ಕ್ಕೆ ಕರೆದರೆ ಯಾವ ಗ್ರಹಕ್ಕೆ ಹೋಗಬೇಕೆಂದು ತಮಾಷೆ ಮಾಡುವವರು ಇದ್ದೇ ಇರುತ್ತಾರೆ. ಇಲ್ಲಿ ಕಷ್ಟವೇನೆಂದರೆ ಗ್ರಹವೂ ಗೃಹವೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಪದಪಟ್ಟಿಯನ್ನು ಮಾತ್ರ ನೋಡುವ ಕಾಗುಣಿತ ಪರೀಕ್ಷಕ ಇದನ್ನು ಹಿಡಿಯುವುದಿಲ್ಲ. ಅರ್ಥ ಮತ್ತು ಅರ್ಧಗಳ ಪಾಡೂ ಇದೇ.

ನಿಘಂಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಕಿಟೆಲ್ ಅವರು 1894ರಲ್ಲಿ ಹೊರತಂದ ನಿಘಂಟು ಇಂದಿಗೂ ಪದಗಳ ಮೂಲರೂಪ ನೋಡಲು ಉಪಯುಕ್ತವಾದದ್ದು, ದಿನನಿತ್ಯದ ಬಳಕೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ರತ್ನಕೋಶ’ ಸಾಕು. ಅಂತರ್ಜಾಲದಲ್ಲಿ ಹುಡುಕಿ ಎಷ್ಟು ಕಡೆ ಯಾವ ರೂಪವಿದೆ ಎಂದು ಎಣಿಸಿ ನಿರ್ಧರಿಸಬೇಡಿ, ಏಕೆಂದರೆ ತಪ್ಪು ರೂಪಕ್ಕೂ ಅಲ್ಲಿ ಸಾವಿರಾರು ಸಾಕ್ಷಿಗಳು ಸಿಗುತ್ತವೆ.

ಬೆರಳಿನ ತಪ್ಪು

ಬೆರಳಿನ ತಪ್ಪುಗಳಿಗೂ ಒಂದು ಕ್ರಮವಿದೆ. ರೂಮೆಲ್‌ಹಾರ್ಟ್ ಮತ್ತು ನಾರ್ಮನ್ ಎಂಬ ವಿದ್ವಾಂಸರು 1982ರಲ್ಲಿ ಪ್ರಕಟಿಸಿದ ಬೆರಳಚ್ಚಿನ ಅಧ್ಯಯನದಲ್ಲಿ, ಇಮ್ಮಡಿ ಅಕ್ಷರವಿರುವ ಪದವನ್ನು ಒತ್ತುವಾಗ ‘ಇಮ್ಮಡಿಯಾಗಬೇಕು’ ಎಂಬ ಸೂಚನೆ ಪಕ್ಕದ ಅಕ್ಷರಕ್ಕೆ ಜಾರುವುದನ್ನು ವಿವರಿಸಿದ್ದಾರೆ. ಅವರು ನೋಡಿದ್ದು ಇಂಗ್ಲಿಷ್ ಬೆರಳಚ್ಚನ್ನು. ಆದರೆ ‘ಅಪ್ಪಟ’ ಎನ್ನಲು ಹೋಗಿ ‘ಅಪಟ್ಟ’ ಎಂದು ಒತ್ತಿದವರಿಗೆ ಆ ವಿವರಣೆ ಪರಿಚಿತವೆನಿಸದೆ ಇರದು. ಮನಸ್ಸು ಎರಡು ಅಕ್ಷರ ಮುಂದೆ ಓಡುತ್ತಿರುತ್ತದೆ, ಬೆರಳುಗಳು ತಮ್ಮ ತಮ್ಮಲ್ಲೇ ಪೈಪೋಟಿಗೆ ಬಿದ್ದಿರುತ್ತವೆ. ವೇಗ ಹೆಚ್ಚಾದಷ್ಟೂ ಈ ಜಾರುವಿಕೆ ಹೆಚ್ಚು.

ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಅದು ತಪ್ಪಿದರೆ ‘ಅಮ್ಮ’ ‘ಅಮಮ’ ಆಗುತ್ತಾಳೆ. ಅಲ್ಲಿ ಶಿಫ್ಟ್ ಸಮೇತ ಟಿ ಒತ್ತಿದರೆ ಥ ಬರುತ್ತದೆ. ಬರಹ ತಂತ್ರಾಂಶದ ಲಿಪ್ಯಂತರ ಪದ್ಧತಿಯಲ್ಲಿ ಅದೇ ಕೀಲಿಗಳಿಗೆ ಟ ಬರುತ್ತದೆ. ಕಚೇರಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಬಳಸುವವರ ಬರಹದಲ್ಲಿ ತ, ಥ, ಟಗಳೂ ದ, ಧ, ಡಗಳೂ ಕಲಸಿಹೋಗಲು ಇದೇ ಕಾರಣ. ಇದಕ್ಕೆ ಮದ್ದು ಒಂದೇ: ಎರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಡುವುದು.

ಮೊಬೈಲಿನಲ್ಲಿ ಬರೆಯುವವರಿಗೆ ಬೆರಳಿಗಿಂತ ಸೂಚನಾಪಟ್ಟಿಯೇ ಹೆಚ್ಚು ಅಪಾಯಕಾರಿ. ಒಮ್ಮೆ ನಾನೇ ಅವಸರದಲ್ಲಿ ಕಳುಹಿಸಿದ ವರದಿಯಲ್ಲಿ ‘ಕೊಡವ ಸಮಾಜ’ ಎಂಬುದು ‘ಕೊಡುವ ಸಮಾಜ’ವಾಗಿತ್ತು, ಯಂತ್ರಕ್ಕೆ ‘ಕೊಡುವ’ ಹೆಚ್ಚು ಪರಿಚಿತ ಪದವಾದ್ದರಿಂದ ಅದು ತನ್ನ ಬುದ್ಧಿ ಉಪಯೋಗಿಸಿತ್ತು. ಓದಿದ ಹಿರಿಯರೊಬ್ಬರು ‘ದಾನಿಗಳ ಸಮಾಜ ಎಂದು ಹೊಗಳಿದ್ದೀರಿ, ಸಂತೋಷ’ ಎಂದರು. ಐನ್‌ಮನೆ, ಕೈಮಡ, ಮಂದ್, ಒಕ್ಕ ಮುಂತಾದ ಇಲ್ಲಿನ ಪದಗಳನ್ನು ಮೊಬೈಲಿನ ಸ್ವಂತ ನಿಘಂಟಿಗೆ ಒಮ್ಮೆ ಸೇರಿಸಿಟ್ಟರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ.

ಯಂತ್ರದ ತಪ್ಪು

ಕಣ್ಣಿಗೆ ಸರಿಯಾಗಿ ಕಂಡು, ಒಳಗೆ ತಪ್ಪಾಗಿರುವ ಪದಗಳ ಬಗ್ಗೆ ಬರೆಯುವವರು ಹೆಚ್ಚು ಯೋಚಿಸುವುದಿಲ್ಲ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದರೆ ‘ಕು೦ಡಾಮೇಸ್ತ್ರಿ’ ಎಂದು ಅಚ್ಚಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅನುಸ್ವಾರದ ಸಂಖ್ಯೆ 0ಸಿ82, ಸೊನ್ನೆಯದು 0ಸಿಇ6. ಎರಡೂ ಬೇರೆ ಬೇರೆ ಆದ್ದರಿಂದ ಹುಡುಕಿದಾಗ ಆ ಪದ ಸಿಗುವುದಿಲ್ಲ, ಅಕಾರಾದಿ ಜೋಡಿಸಿದಾಗ ತನ್ನ ಜಾಗದಲ್ಲಿ ಕೂರುವುದಿಲ್ಲ. ಅರ್ಕಾವತ್ತಿನ ಬದಲು ಒಂಬತ್ತು ಅಂಕಿಯನ್ನು ಒತ್ತಿ ‘ಕಾಯ೯ಕ್ರಮ’ ಎನ್ನುವವರೂ, ವಿಸರ್ಗದ ಬದಲು ವಿವರಣ ಚಿಹ್ನೆ ಹಾಕಿ ‘ದು:ಖ’ ಎನ್ನುವವರೂ ಇದ್ದಾರೆ. ಕಡತ ಪೂರ್ಣಗೊಂಡ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ೦ ಮತ್ತು ೯ ಅಂಕಿಗಳನ್ನು ಒಂದೊಂದಾಗಿ ಹಾಕಿ ನೋಡಿ. ಅಂಕಿಯಲ್ಲದ ಜಾಗದಲ್ಲಿ ಸಿಕ್ಕಿದ್ದನ್ನೆಲ್ಲ ತಿದ್ದಿ. ಐದು ನಿಮಿಷದ ಕೆಲಸ.

ಎರಡನೆಯದು ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳುವ ತೊಂದರೆ. ಐನ್‌ಮನೆ ಎಂದು ಬರೆಯಲು ಹೋದರೆ ಐನ್ಮನೆ, ಕೈಲ್‌ಪೊಳ್ದ್ ಎನ್ನಲು ಹೋದರೆ ಕೈಲ್ಪೊಳ್ದ್, ಆರ್‌ಟಿಸಿ ಎನ್ನಲು ಹೋದರೆ ಆರ್ಟಿಸಿ ಆಗುತ್ತದೆ. ಅರ್ಧಾಕ್ಷರಕ್ಕೂ ಮುಂದಿನ ಅಕ್ಷರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಚಿಹ್ನೆ ಬೇಕು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಆ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿಹ್ನೆ ಬರುತ್ತದೆ. ಇದನ್ನು ತಿಳಿಯದವರು ನಡುವೆ ಜಾಗ ಬಿಟ್ಟು ‘ಐನ್ ಮನೆ’ ಎಂದು ಬರೆಯುತ್ತಾರೆ. ಆಗ ಸಾಲಿನ ಕೊನೆಯಲ್ಲಿ ಐನ್ ಮೇಲೆ ಉಳಿದು ಮನೆ ಕೆಳಕ್ಕೆ ಇಳಿಯುವ ಸಾಧ್ಯತೆ ಇರುತ್ತದೆ.

ಮೂರನೆಯದು ಹಳೆಯ ನುಡಿ ಅಕ್ಷರಶೈಲಿಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಆಗುವ ಹಾನಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಇರಿಸಲಾಗುತ್ತಿತ್ತು. ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ರಕಾರವನ್ನು ಮೊದಲು ಇಡುತ್ತದೆ. ಈ ಸ್ಥಳಾಂತರ ಎಲ್ಲೆಡೆಯೂ ಸರಿಯಾಗಿ ಆಗಿರುತ್ತದೆ ಎಂಬ ಭರವಸೆ ಬೇಡ. ಪರಿವರ್ತಿಸಿದ ಕಡತದಲ್ಲಿ ಆಶೀರ್ವಾದ, ಕಾರ್ಯಕ್ರಮ, ಪ್ರಾರ್ಥನೆ, ಮಾರ್ಗದರ್ಶನ ಮುಂತಾದ ಪದಗಳನ್ನು ಮೊದಲು ನೋಡಿ.

ಎಲ್ಲವನ್ನೂ ಒಮ್ಮೆಗೇ ಬದಲಿಸುವ ಸೌಲಭ್ಯವನ್ನು ಎಚ್ಚರಿಕೆಯಿಂದ ಬಳಸಬೇಕು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಸ್ಮರಣ ಸಂಚಿಕೆಯೊಂದರಲ್ಲಿ ‘ಅಭಿವೃದ್ದಿ’, ‘ಶ್ರದ್ದೆ’, ‘ಪ್ರಸಿದ್ದ’ಗಳು ತುಂಬಿರುವುದನ್ನು ಕಂಡು ಬೇಸತ್ತು, ದ್ದ ಇರುವಲ್ಲೆಲ್ಲ ದ್ಧ ಎಂದು ಬದಲಿಸುವಂತೆ ಆಜ್ಞೆ ಕೊಟ್ಟೆ. ಕಡತದಲ್ಲಿದ್ದ ಪ್ರತಿಯೊಂದು ‘ಇದ್ದರು’ ಎಂಬುದೂ ‘ಇದ್ಧರು’ ಆಯಿತು. ಮಳೆಗಾಲದ ಆ ಸಂಜೆ, ಕರೆಂಟು ಹೋಗಿ ಬಂದು ಆಟವಾಡುತ್ತಿರುವಾಗ, ಹಿಂದಕ್ಕೆ ತರುವ ದಾರಿಯೂ ಮುಚ್ಚಿಹೋಗಿತ್ತು. ಅಕ್ಷರವನ್ನು ಬದಲಿಸಬೇಡಿ, ಪೂರ್ಣಪದವನ್ನು ಮಾತ್ರ ಬದಲಿಸಿ, ಅದಕ್ಕೂ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಕಣ್ಣನ್ನು ನಂಬದಿರುವುದು

ಬರೆದವರಿಗೆ ತಮ್ಮ ತಪ್ಪು ಕಾಣದಿರುವುದಕ್ಕೆ ಉದಾಸೀನ ಕಾರಣವಲ್ಲ. ಓದುವ ಕಣ್ಣು ಸಾಲಿನುದ್ದಕ್ಕೂ ಸರಿಯುವುದಿಲ್ಲ. ಒಂದೆಡೆ ನಿಂತು, ಹಾರಿ, ಮತ್ತೊಂದೆಡೆ ನಿಲ್ಲುತ್ತದೆ, ಚಿಕ್ಕ ಪರಿಚಿತ ಪದಗಳನ್ನು ಎಷ್ಟೋ ಸಲ ಹಾರಿಯೇ ಹೋಗುತ್ತದೆ. ನಡುವಿನದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಸಾಲಿನಲ್ಲಿ ಏನಿರಬೇಕೆಂದು ಮೊದಲೇ ಗೊತ್ತಿರುವ ಲೇಖಕರ ಮನಸ್ಸು ಪುಟದಲ್ಲಿರುವುದನ್ನು ಬಿಟ್ಟು ತಲೆಯಲ್ಲಿರುವುದನ್ನು ಓದುತ್ತದೆ. ಕನ್ನಡದಲ್ಲಿ ಇದರ ಜೊತೆಗೆ ಅಕ್ಷರಗಳ ಹೋಲಿಕೆ ಬೇರೆ ಸೇರುತ್ತದೆ: ಸಣ್ಣ ಅಕ್ಷರದಲ್ಲಿ ದ ಮತ್ತು ಧಗಳ ವ್ಯತ್ಯಾಸ ಒಂದು ಸಣ್ಣ ಗೀಟು ಮಾತ್ರ, ಘ ಮತ್ತು ಫಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ‘ಉದ್ಫಾಟನೆ’ ಎಂಬ ಪದ ಎಷ್ಟು ಫಲಕಗಳ ಮೇಲೆ ನೆಮ್ಮದಿಯಾಗಿ ಬದುಕಿದೆಯೋ!

ಹಾಗಾಗಿ ಕಣ್ಣಿಗೆ ಪುಟವನ್ನು ಅಪರಿಚಿತಗೊಳಿಸಬೇಕು. ಬರೆದ ದಿನವೇ ತಿದ್ದಬೇಡಿ. ಅಕ್ಷರದ ಗಾತ್ರವನ್ನು 16ಕ್ಕೋ 18ಕ್ಕೋ ಏರಿಸಿ, ಸಾಧ್ಯವಾದರೆ ಅಕ್ಷರಶೈಲಿಯನ್ನೂ ಬದಲಿಸಿ, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಓದುತ್ತಿರುವ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು, ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಬನ್ನಿ. ಅರ್ಥದ ಓಟ ಮುರಿದರೆ ಅಕ್ಷರ ಕಾಣುತ್ತದೆ. ಇಬ್ಬರಿದ್ದರೆ ಇನ್ನೂ ಒಳ್ಳೆಯದು: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡುವುದು. ಓದುವವರು ದೀರ್ಘವನ್ನು ಎಳೆದು, ಮಹಾಪ್ರಾಣವನ್ನು ಒತ್ತಿ, ವಿರಾಮ ಚಿಹ್ನೆಯನ್ನೂ ಹೆಸರಿಟ್ಟು ಹೇಳಬೇಕು. ಶ, ಸ ಎರಡನ್ನೂ ಒಂದೇ ರೀತಿ ಉಚ್ಚರಿಸುವವರಿಗೆ ಈ ಕೆಲಸ ಒಪ್ಪಿಸಬೇಡಿ, ಅವರು ಬೆರಳಿಡಲಿ. ತಲೆಬರಹ, ಚಿತ್ರದ ಅಡಿಬರಹ, ರಕ್ಷಾಪುಟಗಳನ್ನು ಪ್ರತ್ಯೇಕವಾಗಿ ಒಂದು ಸಲ ನೋಡಿ, ಏಕೆಂದರೆ ದೊಡ್ಡ ಅಕ್ಷರದಲ್ಲಿರುವುದು ಸರಿಯಾಗಿಯೇ ಇರುತ್ತದೆಂದು ಎಲ್ಲರೂ ನಂಬಿಬಿಡುತ್ತಾರೆ.

ಹೆಸರುಗಳು

ಕೊಡಗಿನಲ್ಲಿ ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವುದು ಹೆಸರಿನ ತಪ್ಪು. ಮನೆತನದ ಹೆಸರು ಮೊದಲು ಬರುವ ಪದ್ಧತಿ ಇಲ್ಲಿಯದು. ಅದರಲ್ಲೊಂದು ಅಕ್ಷರ ಕೆಟ್ಟರೆ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ನೋವಾಗುತ್ತದೆ. ಇಂಗ್ಲಿಷಿನಲ್ಲಿರುವ ಪಟ್ಟಿಯನ್ನು ನೋಡಿ ಕನ್ನಡಕ್ಕೆ ಇಳಿಸುವುದೇ ಇಂಥ ತಪ್ಪುಗಳ ಮುಖ್ಯ ದ್ವಾರ. ಇಂಗ್ಲಿಷಿನ ಡಿ ಅಕ್ಷರ ಡ ಕೂಡ ಹೌದು, ದ ಕೂಡ ಹೌದು. ಕೊಡಂದೇರ ಎಂಬ ಹೆಸರಿನಲ್ಲಿ ಎರಡೂ ಇವೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರನ್ನು ಹೊರಗಿನವರು ಇಂಗ್ಲಿಷ್ ಕಾಗುಣಿತದಿಂದ ಎತ್ತಿ ‘ಕರಿಯಪ್ಪ’ ಎಂದು ಬರೆದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಸಂಬಂಧಪಟ್ಟವರ ಕೈಯಿಂದಲೇ ಕನ್ನಡದಲ್ಲಿ ಹೆಸರು ಬರೆಸಿಕೊಳ್ಳಿ, ದೂರವಿದ್ದರೆ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಹೇಳಿಸಿಕೊಳ್ಳಿ.

ಕೊಡವ ತಕ್ಕಿನ ಪದಗಳಿಗೆ ಇನ್ನೊಂದು ತೊಡಕಿದೆ. ಆ ಭಾಷೆಯಲ್ಲಿ ಕನ್ನಡ ವರ್ಣಮಾಲೆಯಲ್ಲಿಲ್ಲದ, ನಾಲಿಗೆಯ ನಡುಭಾಗದಿಂದ ಹೊರಡುವ ಕೇಂದ್ರ ಸ್ವರಗಳಿವೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಕಲನ ‘ಪಟ್ಟೋಲೆ ಪಳಮೆ’ ಪ್ರಕಟವಾದದ್ದು ಕನ್ನಡ ಲಿಪಿಯಲ್ಲಿಯೇ ಆದರೂ, ತಕ್ಕ್, ತಕ್ಕ, ತಕ್ಕು ಎಂಬ ಮೂರು ರೂಪಗಳಲ್ಲಿ ಇಂದಿಗೂ ಬರೆಯುವವರಿದ್ದಾರೆ. ಸುಗ್ಗಿಹಬ್ಬದ ಹೆಸರಿನಲ್ಲಿ ಪುತ್ತರಿ ಕೊಡವ ರೂಪ, ಹುತ್ತರಿ ಕನ್ನಡ ರೂಪ. ಎರಡೂ ತಪ್ಪಲ್ಲ, ಆದರೆ ಕೊಡವ ಹಾಡನ್ನು ಉದ್ಧರಿಸಿದ ಸಾಲಿನೊಳಗೆ ನುಗ್ಗಿ ಪುತ್ತರಿಯನ್ನು ಹುತ್ತರಿ ಎಂದು ತಿದ್ದುವುದು ತಪ್ಪು. ವಿರಾಜಪೇಟೆ, ವೀರಾಜಪೇಟೆ, ಅಥವಾ ಗೋಣಿಕೊಪ್ಪ, ಗೋಣಿಕೊಪ್ಪಲು ಎಂಬಂಥ ಜೋಡಿಗಳಲ್ಲೂ ಒಂದನ್ನು ಆರಿಸಿಕೊಂಡು ಪುಸ್ತಕದುದ್ದಕ್ಕೂ ಅದನ್ನೇ ಇಡಬೇಕು. ಇಂಥ ನಿರ್ಧಾರಗಳನ್ನು ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲ ಲೇಖಕರಿಗೂ ಕೊಟ್ಟರೆ, ಕೊನೆಯ ವಾರದ ಜಗಳ ತಪ್ಪುತ್ತದೆ. ಅದೇ ಹಾಳೆಯ ಹಿಂಬದಿಯಲ್ಲಿ ನಿಮ್ಮದೇ ಕೈ ಪದೇ ಪದೇ ಮಾಡುವ ತಪ್ಪುಗಳನ್ನು ಬರೆಯುತ್ತ ಹೋಗಿ. ನನ್ನ ಪಟ್ಟಿಯಲ್ಲಿ ‘ಕವಯಿತ್ರಿ’ ಇಂದಿಗೂ ಮೊದಲ ಸ್ಥಾನದಲ್ಲಿದೆ, ನೋಡದೆ ಬರೆದರೆ ‘ಕವಿಯತ್ರಿ’ ಎಂದೇ ಬೀಳುತ್ತದೆ.

ಕೊನೆಯ ಕರಡಿಗೆ ಒಬ್ಬರೇ ಜವಾಬ್ದಾರರಾಗಿರಬೇಕು. ಡಿಟಿಪಿ ಮಾಡುವವರು ಒಂದು ಪದವನ್ನು ತಿದ್ದಲು ಹೋಗಿ ಪಕ್ಕದ್ದನ್ನು ಅಳಿಸುವುದೂ, ಸಾಲು ಜರುಗಿ ಪುಟದ ಕೊನೆಯ ಸಾಲು ಕಾಣೆಯಾಗುವುದೂ ನಡೆಯುತ್ತದೆ. ಆದ್ದರಿಂದ ತಿದ್ದಿದ ಪದವನ್ನು ಮಾತ್ರ ನೋಡಿ ಬಿಡದೆ, ಆ ಸಾಲನ್ನೂ ಅದರ ಹಿಂದಿನ ಮುಂದಿನ ಸಾಲುಗಳನ್ನೂ ಪುಟದ ಕೊನೆಯನ್ನೂ ಓದಿ, ತಾರೀಖಿಗೆ ಸರಿಯಾದ ವಾರವೇ ಇದೆಯೇ ಎಂದು ಪಂಚಾಂಗದಲ್ಲಿ ನೋಡಿ, ಪ್ರತಿ ಪುಟದ ಅಂಚಿನಲ್ಲಿ ಸಹಿ ಹಾಕಿ ಅಚ್ಚಿಗೆ ಕೊಡಿ.